ಹೃದಯ ವೈಫಲ್ಯ ಇರುವ ತಂದೆಗೆ ಮೂರು ಚೆಂಡಿನ ಸಾಧನದಿಂದ ಉಸಿರಾಟದ ಅಭ್ಯಾಸ ಮಾಡಿಸಬಹುದೇ?

ನಿಮ್ಮ ತಂದೆಗೆ 64 ವರ್ಷ, ಹೃದಯದ ಪಂಪಿಂಗ್ (ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ಶೇ 30, ಮಾತ್ರೆ ಒಂದು ಹೊತ್ತೂ ತಪ್ಪಿಸದಿದ್ದರೂ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಎಂದು ಬರೆದಿದ್ದೀರಿ. ಬೈಪಾಸ್ ಆದ ಪಕ್ಕದ ಮನೆಯವರು ಕೊಟ್ಟ ಮೂರು ಚೆಂಡಿನ ಸಾಧನ ಊದಿಸಿದರೆ ಹೃದಯಕ್ಕೆ ಬಲ ಬರುತ್ತದೆಯೇ, ಪ್ರಾಣಾಯಾಮ ಮಾಡಿಸಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ನಿವೃತ್ತ ವಿಜ್ಞಾನ ಶಿಕ್ಷಕ, ನಾಲ್ಕು ವರ್ಷಗಳಿಂದ ಇದೇ ಕಾಯಿಲೆಯ ರೋಗಿ. ನಿಮ್ಮ ತಂದೆಯ ಏದುಸಿರು ಎಂಥದೆಂದು ನನ್ನ ಎದೆಗೆ ಗೊತ್ತಿದೆ.

ಮೊದಲು ಆ ಚೆಂಡುಗಳ ವಿಷಯ. ಅದನ್ನು ಊದುವುದಲ್ಲ, ಬಾಯಿಂದ ಗಾಳಿಯನ್ನು ಒಳಕ್ಕೆ ಎಳೆಯುವುದು. ಶಸ್ತ್ರಚಿಕಿತ್ಸೆಯ ನಂತರ ನೋವಿಗೆ ಹೆದರಿ ರೋಗಿಗಳು ಆಳವಿಲ್ಲದ ಮೇಲುಸಿರು ಆಡುತ್ತಾರೆ, ಶ್ವಾಸಕೋಶದ ತಳಭಾಗ ಮುದುಡಿ ಕಫ ಕಟ್ಟುತ್ತದೆ. ಅದನ್ನು ತಡೆಯಲು ಕೊಡುವ ಸಾಧನವದು. ಸಾಮಾನ್ಯವಾಗಿ ಅದರ ಮೇಲೆ 600, 900, 1200 ಎಂದು ಬರೆದಿರುತ್ತದೆ. ಸೆಕೆಂಡಿಗೆ ಅಷ್ಟು ಮಿಲಿಲೀಟರ್ ವೇಗದಲ್ಲಿ ಗಾಳಿ ಎಳೆದರೆ ಆಯಾ ಚೆಂಡು ಮೇಲೇರುತ್ತದೆ. ಉಸಿರಿನ ಸ್ನಾಯುವಿಗೆ ಅದರಿಂದ ಹೇಳಿಕೊಳ್ಳುವಂಥ ಹೊರೆ ಬೀಳುವುದಿಲ್ಲ. ಜೊತೆಗೆ ಇನ್ನೊಬ್ಬರು ಬಾಯಿಗಿಟ್ಟ ಕೊಳವೆಯನ್ನು ಹೃದ್ರೋಗಿಗೆ ಕೊಡುವುದು ಬೇಡವೇ ಬೇಡ. ದಯವಿಟ್ಟು ಹಿಂದಿರುಗಿಸಿ.

ಹೃದಯಕ್ಕೆ ಬಲ ಬರುತ್ತದೆಯೇ ಎಂಬುದಕ್ಕೆ ನನ್ನ ಉತ್ತರ ಇಲ್ಲ ಎಂದೇ. ಸರಿಯಾದ ಹೊರೆಯ ಅಭ್ಯಾಸದಿಂದ ಬಲ ಬರುವುದು ಉಸಿರೆಳೆಯುವ ಸ್ನಾಯುಗಳಿಗೆ, ಮುಖ್ಯವಾಗಿ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿಗೆ. ಇದು ಸಣ್ಣ ವಿಷಯವಲ್ಲ. ಹೃದಯ ವೈಫಲ್ಯದಲ್ಲಿ ತೊಡೆಯ ಸ್ನಾಯು ಸೊರಗುವಂತೆ ಅನೇಕರಲ್ಲಿ ವಪೆಯೂ ಸೊರಗುತ್ತದೆ. ಸೋತ ವಪೆ ಬೇಗ ದಣಿಯುತ್ತದೆ. ದಣಿದಾಗ ನರಗಳ ಮೂಲಕ ಹೋಗುವ ಸೂಚನೆಯಿಂದ ಕಾಲಿನ ರಕ್ತನಾಳಗಳು ಕುಗ್ಗುತ್ತವೆ. ಮೊದಲೇ ಕಡಿಮೆ ಇರುವ ರಕ್ತದಲ್ಲಿ ಕಾಲಿನ ಪಾಲು ಇನ್ನೂ ಇಳಿಯುತ್ತದೆ. ನಮ್ಮಂಥವರು ‘ಉಸಿರೂ ಇಲ್ಲ, ಕಾಲೂ ಸೋತುಬರುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಇದೂ ಒಂದು ಕಾರಣ. ನನಗೆ ಇದನ್ನು ಫಿಸಿಯೋಥೆರಪಿಸ್ಟ್ ವಿವರಿಸಿದ ದಿನ, ಎರಡು ವರ್ಷ ಇದನ್ನು ಯಾರೂ ಹೇಳಲಿಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಅವರು ಮಾಡಿದ ಮೊದಲ ಕೆಲಸ ಅಳತೆ. ಮೂಗು ಮುಚ್ಚಿ, ಮುಚ್ಚಿದ ಕೊಳವೆಯಿಂದ ಪೂರ್ತಿ ಶಕ್ತಿ ಹಾಕಿ ಉಸಿರೆಳೆಯಬೇಕು. ನನ್ನ ಅಂಕಿ 50 ಸೆಂಟಿಮೀಟರ್ ನೀರಿನ ಒತ್ತಡ. ವಯಸ್ಸಿಗೆ ತಕ್ಕಂತೆ ಇರಬೇಕಾದ ಮಟ್ಟದ ಶೇ 70ಕ್ಕಿಂತ ಕಡಿಮೆಯಿದ್ದರೆ ದುರ್ಬಲ ಎಂದು ಲೆಕ್ಕ. ನಂತರ ಕೊಟ್ಟದ್ದು ಬೆರಳುದ್ದದ ಸಾಧನ, ಒಳಗೆ ಸ್ಪ್ರಿಂಗ್ ಇರುವ ಕವಾಟ. ನಿಗದಿ ಮಾಡಿದ ಒತ್ತಡದಷ್ಟು ಬಲವಾಗಿ ಎಳೆಯುವವರೆಗೆ ಕವಾಟ ತೆರೆಯುವುದೇ ಇಲ್ಲ. ಬಲ ಸಾಲದಿದ್ದರೆ ಗೋಡೆಗೆ ಬಾಯಿಟ್ಟು ಉಸಿರೆಳೆದಂತೆ. ಸಾಕಾದ ಕ್ಷಣ ಗಾಳಿ ನುಗ್ಗಿ ಪಕ್ಕೆಲುಬುಗಳು ಅಗಲವಾಗುವುದು ಕೈಗೇ ತಿಳಿಯುತ್ತದೆ. ಹೊರಬಿಡುವಾಗ ಯಾವ ತಡೆಯೂ ಇಲ್ಲ. 50ರ ಶೇ 30, ಅಂದರೆ 15ರಿಂದ ನಾನು ಆರಂಭಿಸಿದೆ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಸಂಶೋಧಕರು ಇದೇ ಶೇ 30ರ ಹೊರೆಯಲ್ಲಿ, ದಿನಕ್ಕೆ 30 ನಿಮಿಷ, 12 ವಾರ ಅಭ್ಯಾಸ ಮಾಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಸಿರಿನ ಸ್ನಾಯು ದುರ್ಬಲವಾಗಿದ್ದ ಹೃದಯ ವೈಫಲ್ಯದ ರೋಗಿಗಳೇ ಅದರಲ್ಲಿದ್ದವರು. ಆರು ನಿಮಿಷಗಳಲ್ಲಿ ನಡೆಯುವ ದೂರ ಶೇ 19ರಷ್ಟು ಹೆಚ್ಚಿತು. ಒಟ್ಟು 32 ಜನರ ಚಿಕ್ಕ ಅಧ್ಯಯನವದು, ಆಯುಷ್ಯ ಹೆಚ್ಚಿತು ಎಂದು ಅದು ಹೇಳುವುದಿಲ್ಲ. ನನಗೆ ಒಂದೇ ಸಲ ಅರ್ಧ ಗಂಟೆ ಆಗಲಿಲ್ಲ. ಹತ್ತು ನಿಮಿಷದಂತೆ ಮೂರು ಹೊತ್ತು ಮಾಡಿದೆ. ನಮ್ಮ ಮನೆಗೆ ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದವನು ಒಂಬತ್ತನೆಯ ವಾರ ನಿಲ್ಲದೆ ಮೇಲೆ ಹೋದೆ. ಮಾತ್ರೆ, ಉಪ್ಪಿನ ಪಥ್ಯ, ನಡಿಗೆ ಎಲ್ಲವೂ ಜೊತೆಗಿದ್ದವು. ಯಾವುದನ್ನೂ ಬಿಟ್ಟು ಇದನ್ನು ಮಾಡಿದವನಲ್ಲ ನಾನು.

ಪ್ರಾಣಾಯಾಮದಲ್ಲಿ ಬಹಳ ಎಚ್ಚರ ಬೇಕು. ರಭಸದ ಉಸಿರಾಟದ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿಯುವ ಕುಂಭಕ ಮೂರೂ ಬೇಡ. ಉಸಿರು ಕಟ್ಟಿ ಬಿಗಿಹಿಡಿದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಶೇ 30ರ ಹೃದಯಕ್ಕೆ ಆ ಆಟ ಏಕೆ? ನಿಧಾನದ ಉಸಿರು ಒಳ್ಳೆಯದು. ಇಟಲಿಯ ಬೆರ್ನಾರ್ಡಿ ಮತ್ತು ಸಂಗಡಿಗರು 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ನಿಮಿಷಕ್ಕೆ ಆರು ಉಸಿರಿನ ಅಭ್ಯಾಸದಿಂದ ಹೃದಯ ವೈಫಲ್ಯದವರ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಸುಧಾರಿಸಿದ್ದನ್ನು ತೋರಿಸಿದರು. ಐದು ಎಣಿಸುವಷ್ಟು ಒಳಗೆ, ಐದು ಎಣಿಸುವಷ್ಟು ಹೊರಗೆ, ನಡುವೆ ಹಿಡಿಯುವುದಿಲ್ಲ. ಒರಗಿ ಕುಳಿತು, ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡರೆ ಸಾಕು. ಆರಕ್ಕೆ ಇಳಿಯದಿದ್ದರೆ ಎಂಟು, ಹತ್ತು ಆದರೂ ಸರಿ, ಒತ್ತಾಯ ಬೇಡ.

ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ, ಪಾದ ಊದಿದರೆ, ರಾತ್ರಿ ದಿಂಬು ಹೆಚ್ಚಿಸಬೇಕಾಗಿ ಬಂದರೆ ಅದು ನೀರು ತುಂಬುತ್ತಿರುವ ಲಕ್ಷಣ. ಅಭ್ಯಾಸ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಿ. ಎದೆನೋವು, ತಲೆಸುತ್ತು ಅಥವಾ ಎದೆಬಡಿತದ ತಾಳ ತಪ್ಪಿದರೂ ನಿಲ್ಲಿಸಬೇಕು. ಎದೆನೋವು ಬಿಡದಿದ್ದರೆ, ಎಚ್ಚರ ತಪ್ಪಿದರೆ ನೇರ ತುರ್ತು ಚಿಕಿತ್ಸೆಗೆ. ಹಿಂದೆ ಶ್ವಾಸಕೋಶದ ಸುತ್ತ ಗಾಳಿ ತುಂಬಿದ್ದವರಿಗೆ, ಕಿವಿಯ ತಮಟೆ ಹರಿದವರಿಗೆ ಸ್ಪ್ರಿಂಗ್ ಸಾಧನ ಕೊಡುವುದಿಲ್ಲ, ಅಂಥದ್ದೇನಾದರೂ ಇದ್ದರೆ ಮುಚ್ಚಿಡಬೇಡಿ.

ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರನ್ನು ‘ಇವರ ಉಸಿರಿನ ಸ್ನಾಯುವಿನ ಬಲ ಅಳೆಯಬಹುದೇ?’ ಎಂದು ನೀವಾಗಿಯೇ ಕೇಳಿ. ಅಂಕಿ ಸಿಕ್ಕಿದ ಮೇಲೆ ಇಲ್ಲಿ ಬರೆಯಿರಿ. ನನ್ನ ಹನ್ನೆರಡು ವಾರಗಳ ನೋಟ್‌ಬುಕ್ ಇನ್ನೂ ಜೋಪಾನವಾಗಿದೆ. ಯಾವ ವಾರ ಎಷ್ಟು ಹೊರೆ, ಯಾವ ದಿನ ಆಗಲಿಲ್ಲ ಎಂಬುದನ್ನೆಲ್ಲ ನೋಡಿ ಹೇಳುತ್ತೇನೆ.