ಕಂಟ್ರೋಲ್ ವಾಲ್ವ್ ಮುಚ್ಚುತ್ತಾ ಬಂದಂತೆ ಅಲ್ಟ್ರಾಸಾನಿಕ್ ಫ್ಲೋ ಮೀಟರ್ ರೀಡಿಂಗ್ ಹಾರುತ್ತದೆ. ಶಬ್ದ ತಗ್ಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. 8 ಇಂಚಿನ ನ್ಯಾಚುರಲ್ ಗ್ಯಾಸ್ ಲೈನು. ಮೊದಲು ಒತ್ತಡ ಇಳಿಸುವ ಕಂಟ್ರೋಲ್ ವಾಲ್ವು, ಅದರ ನಂತರ ನೇರ ಪೈಪು, ಆಮೇಲೆ ಮೀಟರು. ಅದು ಹರಿವಿನ ಜೊತೆಗೂ ಎದುರಿಗೂ ಶಬ್ದದ ಪಲ್ಸ್ ಕಳಿಸಿ, ಅವು ತಲುಪುವ ಸಮಯಗಳ ವ್ಯತ್ಯಾಸದಿಂದ ಹರಿವನ್ನು ಅಳೆಯುತ್ತದೆ. ವಾಲ್ವ್ ಪೂರ್ತಿ ತೆರೆದಿದ್ದರೆ ಎಲ್ಲ ಸರಿ. ಅರ್ಧ ಮುಚ್ಚಿದರೆ ರೀಡಿಂಗ್ ಹಾರುತ್ತದೆ. ಪಕ್ಕದಲ್ಲಿ ನಿಂತರೆ ಶಬ್ದ ಜೋರಾಗಿಯೇನೂ ಇಲ್ಲ. ಪೈಪಿಗೆ ದಪ್ಪ ಇನ್ಸುಲೇಷನ್ ಸುತ್ತಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ.

ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಪೈಪಿನ ಹೊರಗೆ ಸುತ್ತಿದ್ದು ನಿಮ್ಮ ಕಿವಿಯನ್ನು ಕಾಯುತ್ತದೆ, ಮೀಟರನ್ನು ಅಲ್ಲ. ನಿಮ್ಮ ಮೀಟರನ್ನು ಕೆಡಿಸುತ್ತಿರುವ ಶಬ್ದ ಪೈಪಿನ ಒಳಗೆ, ಗ್ಯಾಸಿನ ಮೂಲಕವೇ ಬರುತ್ತಿದೆ. ಅದು ನಿಮಗೆ ಕೇಳಿಸುವುದೂ ಇಲ್ಲ.

ನನಗೆ ಇದು ಮನದಟ್ಟಾಗಿದ್ದು ಒಂದು ಮೀಟರಿಂಗ್ ಸ್ಟೇಷನ್ನಿನಲ್ಲಿ. ಅಲ್ಲಿನ ಹಳೆಯ ವಾಲ್ವು ಕಿವಿ ಕಿತ್ತುಹೋಗುವಂತೆ ಕೂಗುತ್ತಿತ್ತು. ಅದನ್ನು ತೆಗೆದು ಶಬ್ದ ಕಡಿಮೆ ಮಾಡುವ ಹೊಸ ವಾಲ್ವ್ ಹಾಕಿದರು. ಸ್ಟೇಷನ್ ನಿಶ್ಶಬ್ದವಾಯಿತು, ಎಲ್ಲರಿಗೂ ಖುಷಿ. ಮರುದಿನದಿಂದ ಮೀಟರ್ ಕೆಟ್ಟಿತು. ನಾವು ಟ್ರಾನ್ಸ್‌ಡ್ಯೂಸರ್ (ಮೀಟರಿನಲ್ಲಿ ಶಬ್ದ ಕಳಿಸುವ, ಹಿಡಿಯುವ ಭಾಗ) ಬದಲಿಸಿದೆವು, ಕೇಬಲ್ ಬದಲಿಸಿದೆವು, ಬೋರ್ಡ್ ಬದಲಿಸಿದೆವು. ತಪ್ಪು ಇದ್ದದ್ದು ಆ ನಿಶ್ಶಬ್ದದಲ್ಲೇ.

ಯಾಕೆ ಹೀಗೆ? ಗ್ಯಾಸ್ ರಭಸವಾಗಿ ಚಿಮ್ಮುವಾಗ ಹುಟ್ಟುವ ಶಬ್ದದ ಫ್ರೀಕ್ವೆನ್ಸಿ ಆ ಧಾರೆಯ ದಪ್ಪವನ್ನು ಅವಲಂಬಿಸಿರುತ್ತದೆ. ವೇಗವನ್ನು ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಸೆಕೆಂಡಿಗೆ 400 ಮೀಟರ್ ವೇಗದ 20 ಮಿಲಿಮೀಟರ್ ಧಾರೆ ಸುಮಾರು 4 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ. ಅದು ಕಿವಿಗೆ ನೇರ ಬಡಿಯುತ್ತದೆ. ಶಬ್ದ ಕಡಿಮೆ ಮಾಡುವ ವಾಲ್ವಿನೊಳಗೆ ಸಣ್ಣ ಸಣ್ಣ ತೂತುಗಳ ಕೇಜ್ ಇರುತ್ತದೆ. ಒಂದು ದಪ್ಪ ಧಾರೆಯನ್ನು ಅದು ನೂರಾರು ತೆಳು ಧಾರೆಗಳಾಗಿ ಒಡೆಯುತ್ತದೆ. 1 ಮಿಲಿಮೀಟರ್ ಧಾರೆ ಅಂದರೆ ಸುಮಾರು 80 ಕಿಲೋಹರ್ಟ್ಸ್. ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ಗ್ಯಾಸ್ ಮೀಟರಿನ ಟ್ರಾನ್ಸ್‌ಡ್ಯೂಸರ್‌ಗಳು ಸಾಮಾನ್ಯವಾಗಿ 100ರಿಂದ 200 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಕಿವಿಯಿಂದ ತಪ್ಪಿಸಿದ ಶಬ್ದವನ್ನು ಮೀಟರಿನ ಬಾಗಿಲಿಗೇ ತಂದು ಬಿಟ್ಟಂತಾಯಿತು, ಅಲ್ವಾ?

ಹಾಗಾಗಿ ನಿಮ್ಮ ವಾಲ್ವ್ ಯಾವ ಬಗೆಯದು ಅಂತ ಮೊದಲು ನೋಡಿ. ಹಾಗೆಯೇ ಮೀಟರಿನ ಡಯಗ್ನಾಸ್ಟಿಕ್ ಲಾಗ್‌ನಲ್ಲಿ ವಾಲ್ವ್ ತೆರೆದಾಗ ಮತ್ತು ಮುಚ್ಚುತ್ತಾ ಬಂದಾಗ ಗೇನ್ (ಬಂದ ಸಿಗ್ನಲನ್ನು ಮೀಟರ್ ಹಿಗ್ಗಿಸುವ ಪ್ರಮಾಣ) ಎಷ್ಟು, ಸಿಗ್ನಲ್ಲಿಗೂ ನಾಯ್ಸಿಗೂ ಇರುವ ಅನುಪಾತ ಎಷ್ಟು ಅಂತ ಹೋಲಿಸಿ. ಪ್ರತಿ ಪಾತ್ (ಎರಡು ಟ್ರಾನ್ಸ್‌ಡ್ಯೂಸರ್‌ಗಳ ನಡುವೆ ಶಬ್ದ ಸಾಗುವ ದಾರಿ) ತೋರಿಸುವ ಶಬ್ದದ ವೇಗವನ್ನೂ ಬರೆದಿಟ್ಟುಕೊಳ್ಳಿ. ಇದು ತುಂಬಾ ಮುಖ್ಯ. ನಾಯ್ಸ್ ಜಾಸ್ತಿಯಾದಾಗ ಮೀಟರ್ ಅಲೆಯ ಸರಿಯಾದ ಏರನ್ನು ಬಿಟ್ಟು ಪಕ್ಕದ ಏರನ್ನು ಹಿಡಿದುಬಿಡುತ್ತದೆ. 125 ಕಿಲೋಹರ್ಟ್ಸ್‌ನಲ್ಲಿ ಒಂದು ಆವರ್ತ ಅಂದರೆ 8 ಮೈಕ್ರೋಸೆಕೆಂಡ್. ಪಾತ್ 30 ಸೆಂಟಿಮೀಟರ್, 45 ಡಿಗ್ರಿ ಕೋನ, ಹರಿವು ಸೆಕೆಂಡಿಗೆ 10 ಮೀಟರ್, ಗ್ಯಾಸಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 400 ಮೀಟರ್ ಅಂದುಕೊಳ್ಳಿ. ಆಗ ಎರಡು ದಿಕ್ಕಿನ ಸಮಯಗಳ ವ್ಯತ್ಯಾಸವೇ ಸುಮಾರು 26 ಮೈಕ್ರೋಸೆಕೆಂಡ್. ಅದರಲ್ಲಿ ಒಂದು ದಿಕ್ಕಿನಲ್ಲಿ 8 ತಪ್ಪಿದರೆ ಆ ಪಾತ್‌ನ ರೀಡಿಂಗ್ 30 ಶೇಕಡಾ ಹೋಯಿತು! ಆದರೆ ಅದೇ ತಪ್ಪಿಗೆ ಶಬ್ದದ ವೇಗ ಸರಿಯುವುದು ಸೆಕೆಂಡಿಗೆ ಸುಮಾರು 2 ಮೀಟರ್ ಮಾತ್ರ. ಒಂದು ಪಾತ್ ಮಿಕ್ಕವುಗಳಿಗಿಂತ ಅಷ್ಟು ದೂರ ನಿಂತಿದ್ದರೆ ಈ ತಪ್ಪೇ ಆಗಿರುವ ಸಾಧ್ಯತೆ ಹೆಚ್ಚು.

ಇನ್ನು ಪರಿಹಾರ. ಕೈಲಾದರೆ ಮೀಟರನ್ನು ವಾಲ್ವಿಗಿಂತ ಮೊದಲೇ, ಹೆಚ್ಚು ಒತ್ತಡದ ಕಡೆ ಇಡಿ. ಒತ್ತಡ ಜಾಸ್ತಿ ಇದ್ದಷ್ಟೂ ಗ್ಯಾಸ್ ದಟ್ಟ, ಸಿಗ್ನಲ್ ಗಟ್ಟಿ. ಮೇಲಾಗಿ ವಾಲ್ವಿನ ನಂತರದ ಒತ್ತಡ ಮೊದಲಿನದರ ಅರ್ಧಕ್ಕಿಂತ ಕಡಿಮೆ ಇದ್ದರೆ, ವಾಲ್ವಿನ ಇಕ್ಕಟ್ಟಿನಲ್ಲಿ ಗ್ಯಾಸ್ ಶಬ್ದದ ವೇಗದಲ್ಲೇ ಓಡುತ್ತಿರುತ್ತದೆ. ಆ ಹರಿವಿಗೆ ಎದುರಾಗಿ ಈಜಿ ಶಬ್ದ ಹಿಂದಕ್ಕೆ ಬರಲಾರದು.

ಮೀಟರ್ ಜಾಗ ಬದಲಿಸಲು ಆಗದಿದ್ದರೆ ನಡುವೆ ಪೈಪನ್ನು ತಿರುಗಿಸಿ. ಈ ಫ್ರೀಕ್ವೆನ್ಸಿಯಲ್ಲಿ ಅಲೆಯ ಉದ್ದ 3 ಮಿಲಿಮೀಟರ್ ಆಸುಪಾಸು. ಅಂಥ ಶಬ್ದ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ನೇರ ಪೈಪು ಎಷ್ಟೇ ಉದ್ದವಿದ್ದರೂ ಅದು ಅಷ್ಟಾಗಿ ಸಾಯುವುದಿಲ್ಲ. ಬೇರೆ ಬೇರೆ ದಿಕ್ಕಿಗೆ ತಿರುಗಿದ ಎರಡು ಎಲ್ಬೋ (ಬಾಗಿದ ಪೈಪು ತುಂಡು) ಹಾಕಿದರೆ ಪ್ರತಿ ತಿರುವಿನಲ್ಲೂ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಒಂದು ತುದಿ ಮುಚ್ಚಿದ ಟೀ (T ಆಕಾರದ ಪೈಪು ಜೋಡಣೆ) ಎಲ್ಬೋಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಸ್ಟೇಷನ್ ಕೊನೆಗೆ ಸರಿಹೋಗಿದ್ದು ಎರಡು ಟೀಗಳಿಂದ. ಆದರೆ ತಿರುವು ಹರಿವನ್ನು ಸುಳಿಯಾಗಿಸುತ್ತದೆ. ಅದಾದ ಮೇಲೆ ಸಾಕಷ್ಟು ನೇರ ಪೈಪು, ಬೇಕಿದ್ದರೆ ಫ್ಲೋ ಕಂಡೀಷನರ್ (ಸುಳಿ ತಗ್ಗಿಸಿ ಹರಿವನ್ನು ನೇರ ಮಾಡುವ ಸಾಧನ) ಇರಲೇಬೇಕು. ಹರಿವಿನ ವೇಗ ಜಾಸ್ತಿಯಾದರೆ ಕಂಡೀಷನರ್ ತಾನೇ ಸಿಳ್ಳೆ ಹಾಕುವುದೂ ಉಂಟು, ನೋಡಿಕೊಳ್ಳಿ.

ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕಿಂಗ್ ಇರುತ್ತದೆ. ಹಲವು ಪಲ್ಸ್‌ಗಳನ್ನು ಒಂದರ ಮೇಲೊಂದು ಸೇರಿಸಿ ಸರಾಸರಿ ತೆಗೆಯುವುದು. 4 ಪಲ್ಸ್‌ಗೆ 6 ಡೆಸಿಬೆಲ್, 16ಕ್ಕೆ 12 ಡೆಸಿಬೆಲ್ ಲಾಭ. ಸುಮ್ನೆ ಏರಿಸುತ್ತಾ ಹೋಗಬೇಡಿ. ಹರಿವು ಏರಿಳಿಯುವಾಗ ಪಲ್ಸ್‌ಗಳು ಬರುವ ಸಮಯವೂ ಅಲುಗಾಡುತ್ತದೆ. ಅರ್ಧ ಆವರ್ತದಷ್ಟು ಸರಿದರೆ ಅವು ಒಂದನ್ನೊಂದು ಅಳಿಸಿಬಿಡುತ್ತವೆ. ಮೀಟರ್ ನಿಧಾನವೂ ಆಗುತ್ತದೆ.

ಇನ್ನೊಂದು ಬಗೆಯ ನಾಯ್ಸ್ ಇದೆ, ಅದಕ್ಕೆ ಸ್ಟ್ಯಾಕಿಂಗ್ ಏನೂ ಮಾಡದು. ಟ್ರಾನ್ಸ್‌ಡ್ಯೂಸರ್ ಕಳಿಸಿದ ಶಬ್ದವೇ ಗ್ಯಾಸ್ ಬಿಟ್ಟು ಮೀಟರಿನ ಉಕ್ಕಿನ ಮೈಯಲ್ಲಿ ಓಡಿ ಎದುರಿನದನ್ನು ತಲುಪುತ್ತದೆ. ಪ್ರತಿ ಸಲ ಅದೇ ಸಮಯಕ್ಕೆ ಬರುವುದರಿಂದ ಸರಾಸರಿಯಲ್ಲೂ ಹಾಗೇ ಉಳಿಯುತ್ತದೆ. ವಾಲ್ವ್ ಪೂರ್ತಿ ಮುಚ್ಚಿ ಹರಿವು ನಿಂತಾಗಲೂ ಅದು ಇರುತ್ತದೆ. ಗುರುತು ಹಿಡಿಯುವುದು ಹೀಗೆಯೇ. ಅಲ್ಲಿ ನೋಡಬೇಕಾದ್ದು ಟ್ರಾನ್ಸ್‌ಡ್ಯೂಸರಿನ ಸೀಲು, ಅದರ ಸುತ್ತ ಕಟ್ಟಿದ ಕೊಳೆ. ಪೈಪಿನ ಹೊರಗೆ ಕಟ್ಟುವ ಕ್ಲಾಂಪ್-ಆನ್ ಮೀಟರಿನಲ್ಲಿ ಈ ತೊಂದರೆ ಬಹಳ. ಅಲ್ಲಿ ಮಾತ್ರ ಪೈಪಿಗೆ ಡ್ಯಾಂಪಿಂಗ್ ಹಾಳೆ ಅಂಟಿಸುವುದು ನಿಜಕ್ಕೂ ಫಲ ಕೊಡುತ್ತದೆ. ಬಹುಶಃ ನೀವು ಇನ್ಸುಲೇಷನ್ ವಿಷಯ ಕೇಳಿದ್ದು ಅಲ್ಲಿಂದಲೇ ಇರಬೇಕು.

ನಿಮ್ಮದು ವಾಲ್ವ್ ಮುಚ್ಚಿದಂತೆ ಬದಲಾಗುತ್ತಿದೆ ಅಂದಮೇಲೆ ಮೊದಲ ಬಗೆಯದೇ ಅನ್ನುವುದು ನನ್ನ ನಂಬಿಕೆ. ವಾಲ್ವಿನ ಮೊದಲಿನ ಮತ್ತು ನಂತರದ ಒತ್ತಡ, ನಡುವಿನ ಪೈಪಿನ ಚಿತ್ರ, ಆಮೇಲೆ ನಾನು ಹೇಳಿದ ಲಾಗ್, ಈ ಮೂರನ್ನೂ ಇಲ್ಲಿ ಹಾಕಿ. ಟೀ ಎಲ್ಲಿ ಕೂರುತ್ತದೆ ಅಂತ ಒಟ್ಟಿಗೆ ನೋಡೋಣ.