ಎಸ್ಟೇಟ್ ದೆವ್ವದ ಸಿನಿಮಾಕ್ಕೆ ಎರಡನೇ ಭಾಗ: ಕಥೆ ಎಲ್ಲಿಂದ ಎತ್ತಬೇಕು, ಯಾವ ಪಾತ್ರಕ್ಕೆ ಯಾವ ಕೆಲಸ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಮೊದಲ ಚಿತ್ರದಲ್ಲಿ ನಾಲ್ವರು ಗೆಳೆಯರು ಸಕಲೇಶಪುರದ ಹತ್ತಿರದ ಎಸ್ಟೇಟ್ ಬಂಗಲೆಗೆ ಬರುತ್ತಾರೆ. ರಾತ್ರಿ ಹೊರಗಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಓಗೊಟ್ಟವರು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಕೊನೆಯಲ್ಲಿ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರದ ಮನೆ) ಕಡೆಯಿಂದ ನಾಲ್ವರಲ್ಲೊಬ್ಬನಾದ ಸುಮಂತ್ ಕರೆಯುತ್ತಾನೆ, ಗೆಳತಿ ಮೇಘಾ ಕಿವಿ ಮುಚ್ಚಿಕೊಂಡು ಕೂತು ಬದುಕಿಕೊಳ್ಳುತ್ತಾಳೆ. ಈಗ ಎರಡನೇ ಭಾಗಕ್ಕೆ ಅದೇ ಬಂಗಲೆ, 25 ಲಕ್ಷ, 14 ದಿನ ಶೂಟಿಂಗ್. ಮೇಘಾ ಪಾತ್ರದ ನಟಿ ಕೊಟ್ಟಿರುವುದು ಮೂರೇ ದಿನ. ಬರೆದ ಡ್ರಾಫ್ಟೆಲ್ಲ ಮೊದಲ ಭಾಗದ ಹಾಗೇ ಆಗುತ್ತಿದೆ.

ಹಾಗಾಗಲು ಕಾರಣ ದೆವ್ವ ಅಲ್ಲ, ತಿಳಿವಳಿಕೆ. ಮೊದಲ ಭಾಗದಲ್ಲಿ ಪಾತ್ರಗಳಿಗೂ ಪ್ರೇಕ್ಷಕನಿಗೂ ಏನೂ ಗೊತ್ತಿರಲಿಲ್ಲ, ಇಬ್ಬರೂ ಜೊತೆಜೊತೆಯಾಗಿ ತಿಳಿದುಕೊಂಡರು. ಎರಡನೆಯದರಲ್ಲಿ ಪ್ರೇಕ್ಷಕ ಟಿಕೆಟ್ ಕೊಳ್ಳುವಾಗಲೇ ಓಗೊಡಬಾರದು ಎಂಬುದನ್ನು ತಿಳಿದುಕೊಂಡು ಬಂದಿರುತ್ತಾನೆ. ನೀವು ಮತ್ತೆ ಹೊಸ ನಾಲ್ವರನ್ನು ಕರೆತಂದು, ‘ದೆವ್ವ ಗಿವ್ವ ಎಲ್ಲ ಸುಳ್ಳು’ ಎಂದು ಅವರ ಬಾಯಲ್ಲಿ ಮುಕ್ಕಾಲು ಗಂಟೆ ಆಡಿಸಿದರೆ ಅವನು ಫೋನ್ ತೆಗೆಯುತ್ತಾನೆ. ಹಾಗಾಗಿ ಸೀಕ್ವೆಲ್‌ನಲ್ಲಿ ಪಾತ್ರ ಹಂಚುವುದು ಎಂದರೆ ಯಾರಿಗೆ ಎಷ್ಟು ಗೊತ್ತು ಎಂಬುದನ್ನು ಹಂಚುವುದು. ನಾನಾದರೆ ದೃಶ್ಯ ಬರೆಯುವ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಪಾತ್ರಗಳ ಹೆಸರು, ಉದ್ದಕ್ಕೆ ಹತ್ತತ್ತು ನಿಮಿಷದ ಗೆರೆ ಹಾಕಿ, ಆ ಹೊತ್ತಿಗೆ ಯಾರಿಗೆ ಏನು ಗೊತ್ತು ಎಂದು ತುಂಬುತ್ತೇನೆ. ಮೊದಲ ಕಾಲಂ ಪ್ರೇಕ್ಷಕನದು. ಎರಡು ಪಾತ್ರಗಳ ಕಾಲಂ ಕೊನೆತನಕ ಒಂದೇ ಥರ ಇದ್ದರೆ ಅವೆರಡೂ ಒಂದೇ ಪಾತ್ರ, ಒಂದನ್ನು ಕತ್ತರಿಸಿ. ದಿನಭತ್ಯೆಯೂ ಉಳಿಯುತ್ತದೆ, ರೂಮ್ ಬಾಡಿಗೆಯೂ ಉಳಿಯುತ್ತದೆ.

ಮುಖ್ಯ ಪಾತ್ರ ಯಾರು? ಮೊದಲ ಭಾಗದವರು ಆ ಕರೆಯಿಂದ ಓಡಿದರು. ಎರಡನೇ ಭಾಗದವಳಿಗೆ ಆ ಕರೆಯೇ ಬೇಕಾಗಿರಬೇಕು. ಸುಮಂತನ ತಂಗಿ ಎಂದಿಟ್ಟುಕೊಳ್ಳಿ, ಹೆಸರು ನಯನ. ಅಣ್ಣನ ದೇಹ ಸಿಕ್ಕಿಲ್ಲ, ಆದ್ದರಿಂದ ಮನೆಯಲ್ಲಿ ತಿಥಿಯೂ ಆಗಿಲ್ಲ, ಅಮ್ಮ ಇನ್ನೂ ಅವನಿಗೊಂದು ತಟ್ಟೆ ಇಡುತ್ತಾಳೆ. ಅಣ್ಣನ ದನಿ ಒಂದು ಸಲ ಕೇಳಿದರೆ ಸಾಕು ಎಂದು ಅವಳು ಬಂಗಲೆಗೆ ಬರುತ್ತಾಳೆ. ಇಷ್ಟು ಬದಲಾಯಿಸಿದರೆ ನಂಬಿಕೆ–ಅಪನಂಬಿಕೆಯ ಇಡೀ ಭಾಗ ತಾನಾಗಿ ಬಿದ್ದುಹೋಗುತ್ತದೆ. ‘ಇಷ್ಟೆಲ್ಲ ಆದಮೇಲೂ ಆ ಮನೆಗೆ ಯಾಕೆ ಹೋಗ್ತಾರೆ’ ಎಂಬ ಹಳೇ ತಕರಾರಿಗೂ ಉತ್ತರ ಸಿಗುತ್ತದೆ.

ದೆವ್ವದ ನಿಯಮಕ್ಕೆ ಒಂದೇ ಒಂದು ಹೊಸ ಕಲಮು ಸೇರಿಸಿ, ಎರಡಲ್ಲ. ನನ್ನ ಸಲಹೆ: ಓಗೊಟ್ಟವರು ಮುಂದೆ ತಾವೇ ಕರೆಯುವವರಾಗುತ್ತಾರೆ. ಹಳೆ ನಿಯಮ ಹಾಗೇ ಉಳಿಯಿತು, ಅಪಾಯ ಬೆಳೆಯಿತು, ಖರ್ಚು ಮಾತ್ರ ದನಿ ರೆಕಾರ್ಡ್ ಮಾಡುವ ಕೆಲವು ಗಂಟೆ. ದೆವ್ವದ ಹುಟ್ಟಿನ ಕಥೆಗೆ, ಬ್ರಿಟಿಷ್ ಕಾಲದ ಫ್ಲ್ಯಾಶ್‌ಬ್ಯಾಕಿಗೆ ಕೈಹಾಕಬೇಡಿ. ಬಾಡಿಗೆ ಕೋಟು, ಹಳೇ ಜೀಪು, ಟೋಪಿ ಹಾಕಿದ ದೊರೆ ಎಲ್ಲ ಸೇರಿ ಎರಡು ದಿನ ತಿನ್ನುತ್ತವೆ, ಕಡೆಗೆ ನಾಟಕದ ಹಾಗೆ ಕಾಣುತ್ತದೆ. ಇನ್ನೊಂದು ಮಾತು: ಚೌಡಿಯನ್ನೋ ಊರ ದೈವವನ್ನೋ ದೆವ್ವವಾಗಿ ತೋರಿಸಬೇಡಿ. ಮಲೆನಾಡಿನವರಿಗೆ ಅವರು ಕಾಯುವವರು. ಸ್ಥಳೀಯರ ಮನಸ್ಸು ಮುರಿದರೆ ಮಾರನೇ ದಿನ ನಿಮಗೆ ಅಡುಗೆಯವರೂ ಸಿಗುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಬರೆಯುವುದೂ ಬೇಡ, ಅದು ಆಗಲೇ ಸವೆದುಹೋಗಿದೆ.

ಉಳಿದ ಪಾತ್ರಗಳಲ್ಲಿ ಎಸ್ಟೇಟಿನ ರೈಟರ್ ಬಹಳ ಮುಖ್ಯ. ಎಸ್ಟೇಟಿನ ಲೆಕ್ಕ ಬರೆಯುವವನಿಗೆ ಯಾವ ದಿನ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂಬುದು ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಕಾಣೆಯಾದವರ ಪಟ್ಟಿ ತೋರಿಸಲು ಹಳೇ ಪೇಪರ್ ಕಟಿಂಗ್ ಪ್ರಿಂಟ್ ಮಾಡಿಸುವ ಬದಲು ಆ ಪುಸ್ತಕ ಸಾಕು. ಅವನಿಗೆ ಹಳೇ ನಿಯಮ ಗೊತ್ತು, ಹೊಸದು ಗೊತ್ತಿಲ್ಲ. ಮಾಲೀಕ ಬಂಗಲೆಯನ್ನು ಹೋಂಸ್ಟೇ ಮಾಡಿದ್ದಾನೆ, ವಾರಾಂತ್ಯಕ್ಕೆ ಬೆಂಗಳೂರಿನವರ ಬುಕಿಂಗ್ ಇದೆ, ಹಾಗಾಗಿ ರೈಟರ್ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಮಾಲೀಕನನ್ನು ಖಳನ ಹಾಗೆ ಬರೆಯಬೇಡಿ. ಸಾಲ ಇರುವ, ಮಾತಿನಲ್ಲಿ ಬಲು ಮರ್ಯಾದೆಯ ಸಾಹುಕಾರನಾಗಿರಲಿ. ಶನಿವಾರ ಹೊಸ ಅತಿಥಿಗಳು ಬರುತ್ತಾರೆ ಎಂಬುದು ಕಥೆಗೆ ಗಡಿಯಾರ.

ಲೈನ್ ಮನೆಯಿಂದ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಿಂದ, ಒಬ್ಬ ಹೆಂಗಸು ಬೇಕು. ಈಗ ಹಾಸನ, ಚಿಕ್ಕಮಗಳೂರು ಕಡೆಯ ತೋಟಗಳಿಗೆ ಅಸ್ಸಾಮಿನಿಂದ ಬಂದ ಕೆಲಸಗಾರರು ಬಹಳ. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ಆದ್ದರಿಂದ ದನಿ ಏನು ಹೇಳುತ್ತಿದೆ ಎಂಬ ಮೋಹಕ್ಕೆ ಅವಳು ಸಿಗುವುದಿಲ್ಲ, ಎಲ್ಲಿಂದ ಬರುತ್ತಿದೆ ಎಂಬುದನ್ನು ಮಾತ್ರ ಗಮನಿಸುತ್ತಾಳೆ. ಉಳಿದವರಿಗಿಲ್ಲದ ತಿಳಿವಳಿಕೆ ಅವಳಲ್ಲಿದೆ. ಇಂಥ ಪಾತ್ರವನ್ನು ಹದಿನೈದನೇ ನಿಮಿಷಕ್ಕೆ ಕೊಲ್ಲುವ ಚಾಳಿ ನಮ್ಮವರಲ್ಲಿದೆ, ನನಗೆ ಅದು ಹಿಡಿಸುವುದಿಲ್ಲ. ಹೊರಗಿನಿಂದ ಬಂದ ಕೂಲಿಯ ಸಾವಿಗೆ ಪ್ರೇಕ್ಷಕ ಹೆದರುವುದೂ ಇಲ್ಲ, ಅಳುವುದೂ ಇಲ್ಲ.

ಕಾಮಿಡಿಗೆ ಅಡುಗೆಭಟ್ಟ ಇರಲಿ, ಆದರೆ ಪ್ರತ್ಯೇಕ ಟ್ರ್ಯಾಕ್ ಬೇಡ. ಸುಮ್ಮನಿರಲಾರದೆ ಎಲ್ಲರ ಹೆಸರನ್ನೂ ಕೂಗಿ ಕೂಗಿ ಕರೆಯುವ ಅಭ್ಯಾಸ ಅವನದು ಎಂದು ಮಾಡಿ. ಮೊದಲರ್ಧದಲ್ಲಿ ಅದೇ ನಗು. ಎರಡನೇ ಅರ್ಧದಲ್ಲಿ ಅವನ ಪ್ರತಿ ಕೂಗಿಗೂ ಪ್ರೇಕ್ಷಕನ ಎದೆ ಧಸಕ್ಕೆನ್ನಬೇಕು.

ಇನ್ನು ಕಥೆಯ ನಡುಮೂಳೆ. ಮೊದಲ ಭಾಗದ ಘಟನೆ ಒಂದನ್ನೂ ಬದಲಿಸದೆ ಅದರ ಅರ್ಥ ಮಾತ್ರ ಬದಲಿಸಿ. ಆ ರಾತ್ರಿ ಪಲ್ಪರ್ ಮನೆಯಿಂದ ಕರೆದದ್ದು ದೆವ್ವವಲ್ಲ, ಕರೆಗೆ ಓಗೊಟ್ಟು ಹೋಗಿ ಖಾಲಿ ತೊಟ್ಟಿಗೆ ಬಿದ್ದು ಕಾಲು ಮುರಿದುಕೊಂಡಿದ್ದ ಸುಮಂತನೇ. ಅವನಿನ್ನೂ ಬದುಕಿದ್ದ. ಮೇಘಾಗೆ ಅನುಮಾನ ಬಂದಿತ್ತು, ಆದರೂ ಕಿವಿ ಮುಚ್ಚಿಕೊಂಡಳು. ಹಳೇ ಶಾಟುಗಳೆಲ್ಲ ಹಾಗೇ ನಿಲ್ಲುತ್ತವೆ, ಅವುಗಳ ಭಾರ ಹೆಚ್ಚುತ್ತದೆ. ಇದನ್ನು ಮಾಡುವ ಮೊದಲು ಹಳೇ ಚಿತ್ರವನ್ನು ಪೆನ್ನು ಹಿಡಿದು ನೋಡಿ: ಆ ರಾತ್ರಿ ಸುಮಂತನ ಹೆಣವೋ ನೆರಳೋ ಎಲ್ಲಾದರೂ ಕಂಡಿದೆಯೇ, ಅವನ ಚಪ್ಪಲಿ ಎಲ್ಲಿತ್ತು, ಮಳೆ ಇತ್ತೇ, ಕರೆಗಳ ನಡುವೆ ಎಷ್ಟು ಅಂತರ. ಒಂದು ಶಾಟ್ ಅಡ್ಡ ಬಂದರೂ ಯೂಟ್ಯೂಬಿನವರು ಹಿಡಿಯುತ್ತಾರೆ.

88 ನಿಮಿಷದ ಚಿತ್ರಕ್ಕೆ ಹೀಗೆ ಕೂರಿಸಬಹುದು. ಮೊದಲ ಆರು ನಿಮಿಷ ಮೇಘಾ, ಹಾಸನ ಪೇಟೆಯ ಒಂದು ಬಾಡಿಗೆ ಮನೆಯಲ್ಲಿ. ಹಾಲಿನವನು ಕರೆದರೂ ಓಗೊಡುವುದಿಲ್ಲ, ಆಸ್ಪತ್ರೆಯಲ್ಲಿ ಟೋಕನ್ ಕೂಗಿದರೂ ಏಳುವುದಿಲ್ಲ. ಮಾತಿಲ್ಲದೆ ಹಳೇ ನಿಯಮ ಪೂರ್ತಿ ಹೇಳಿದಂತಾಯಿತು. ‘ಹಿಂದಿನ ಭಾಗದಲ್ಲಿ’ ಎಂದು ಹತ್ತು ನಿಮಿಷ ತೋರಿಸುವ ಅಗತ್ಯ ಇಲ್ಲ. 18ನೇ ನಿಮಿಷಕ್ಕೆ ನಯನ ಬಂಗಲೆಯಲ್ಲಿರಬೇಕು, ಮೊದಲ ಕರೆ ಪ್ರೇಕ್ಷಕನಿಗೆ ಕೇಳಿರಬೇಕು, ಅವಳಿಗೆ ಕೇಳಿರಬಾರದು. 44ಕ್ಕೆ ಇಂಟರ್ವಲ್. ಅಣ್ಣನ ದನಿ ಅವಳ ಹೆಸರು ಕರೆಯುತ್ತದೆ, ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ವಿಷಯ ಹೇಳುತ್ತದೆ, ಅದು ನಿಜವೂ ಆಗುತ್ತದೆ. ದೆವ್ವ ಅವಳಿಗೆ ಉಪಯೋಗಕ್ಕೆ ಬಂತು ಎಂಬುದೇ ಇಲ್ಲಿನ ಭಯ. ಮುಂದಿನ ಇಪ್ಪತ್ತು ನಿಮಿಷ ಅವಳಿಗೆ ಇನ್ನಷ್ಟು ಬೇಕು, ದನಿಗೆ ಪ್ರತಿಯಾಗಿ ಇನ್ನೊಬ್ಬರ ಹೆಸರು ಬೇಕು. ಅಡುಗೆಭಟ್ಟನ ಹೆಸರನ್ನು ಅವಳೇ ಕೊಡುತ್ತಾಳೆ, ಪೂರ್ತಿ ತಿಳಿಯದೆಯೇ ಆದರೂ ತಾನಾಗಿ. 65ರ ಹೊತ್ತಿಗೆ ಮೇಘಾ ಸತ್ಯ ಬಾಯಿಬಿಡುತ್ತಾಳೆ. 70ರಿಂದ ಕೊನೆವರೆಗೆ ಪಲ್ಪರ್ ಮನೆ, ಶನಿವಾರದ ಅತಿಥಿಗಳು ಗೇಟಿನಲ್ಲಿ. ಕೊನೇ ಶಾಟಿನಲ್ಲಿ ಕಣ್ಣು ತೆರೆಯುವ ಹೆಣ ಇಟ್ಟರೆ ಮೂರನೇ ಭಾಗದ ಆಸೆ ಮಾತ್ರ ಕಾಣುತ್ತದೆ. ನಯನ ಓಗೊಟ್ಟಳೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ತೀರ್ಮಾನಿಸಿ ಮುಗಿಸಿ.

ಮೇಘಾಳ ಮೂರು ದಿನ ಸಾಕಾಗುತ್ತದೆ. ಒಂದು ದಿನ ಹಾಸನದ ಮನೆ, ಒಂದು ದಿನ ಅದೇ ಮನೆಯಲ್ಲಿ ಸತ್ಯ ಹೇಳುವ ಏಳೆಂಟು ನಿಮಿಷದ ದೃಶ್ಯ, ಒಂದು ದಿನ ಬಂಗಲೆಯಲ್ಲಿ ಕ್ಲೈಮ್ಯಾಕ್ಸಿನ ಕ್ಲೋಸಪ್ ಮತ್ತು ಸಂಭಾಷಣೆ. ದೂರದ ಶಾಟಿಗೆ ಅದೇ ಎತ್ತರದವರಿಗೆ ಅದೇ ಶಾಲು ಹೊದಿಸಿ. ಶಾಲು ಎರಡು ಕೊಳ್ಳಿ, ಒಂದು ನೆನೆದಿರುತ್ತದೆ. ನಡುವೆ ಅವಳು ಕಥೆಯಲ್ಲಿ ಇರುವುದೆಲ್ಲ ಫೋನಿನಲ್ಲಿ.

ಹಳೇ ಪಾತ್ರ ಎಷ್ಟು ತರಬೇಕು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2004ರ ‘ಆಪ್ತಮಿತ್ರ’ದಿಂದ 2010ರ ‘ಆಪ್ತರಕ್ಷಕ’ಕ್ಕೆ ಮುಖ್ಯವಾಗಿ ದಾಟಿ ಬಂದದ್ದು ವಿಷ್ಣುವರ್ಧನ್ ಮಾಡಿದ ಡಾಕ್ಟರ್ ವಿಜಯ್ ಮತ್ತು ನಾಗವಲ್ಲಿ. ಮನೆ, ಸಂಸಾರ, ಕಾಡಿಸಿಕೊಳ್ಳುವವಳು ಎಲ್ಲ ಹೊಸದು. ನಿಮ್ಮಲ್ಲಿ ಮನೆ ಹಳೆಯದು, ಹಾಗಾಗಿ ಜನ ಹೊಸಬರಾಗಿರಬೇಕು. ಎರಡೂ ಹಳೆಯದಾದರೆ ಮೊದಲ ಭಾಗವೇ ಮತ್ತೆ ಬರುತ್ತದೆ.

ಬರವಣಿಗೆಯನ್ನು ಶೂಟಿಂಗಿನ ಲೆಕ್ಕಕ್ಕೆ ಹೊಂದಿಸಿ. ಸ್ಕ್ರಿಪ್ಟ್ 80 ಪುಟ ಮೀರದಿರಲಿ. ರಾತ್ರಿ ಹೊರಾಂಗಣದಲ್ಲಿ ಚಿಕ್ಕ ತಂಡಕ್ಕೆ ಮೂರು ಪುಟ ಆದರೆ ದೊಡ್ಡದು. ಹಾಗಾಗಿ ಅಂಥದ್ದು 12 ಪುಟ, ನಾಲ್ಕು ರಾತ್ರಿ. ಉಳಿದ 68 ಪುಟ ಹತ್ತು ದಿನಕ್ಕೆ, ದಿನಕ್ಕೆ ಸುಮಾರು ಏಳು. ಒಂದೇ ಮನೆಯೊಳಗೆ ಎರಡು ಮೂರು ಪಾತ್ರ ಇದ್ದರೆ ಮಾತ್ರ ಸಾಧ್ಯ. ಒಳಾಂಗಣದ ರಾತ್ರಿಯನ್ನು ಹಗಲಲ್ಲೇ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತೆಗೆಯಿರಿ. ಹೊರಗಿನ ರಾತ್ರಿ ದೃಶ್ಯಗಳನ್ನು ಬಂಗಲೆಯ ಅಂಗಳ ಮತ್ತು ಪಲ್ಪರ್ ಮನೆಗೆ ಸೀಮಿತ ಮಾಡಿ. ಆಲೂರು–ಸಕಲೇಶಪುರ ಭಾಗದಲ್ಲಿ ಕತ್ತಲಾದ ಮೇಲೆ ತೋಟದೊಳಗೆ ಲೈಟು ಹಿಡಿದು ತಿರುಗುವುದು ಆನೆಗೆ ಎದುರಾಗುವ ದಾರಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರನ್ನು ಆಯಾ ದಿನ ಕೇಳಿಯೇ ಹೊರಡಿ.

ಕಾಲ ಯಾವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಬೀಳುವ ಮಳೆಯಲ್ಲಿ ಮಾತು ರೆಕಾರ್ಡ್ ಆಗದು, ಇಂಬಳದ ಕಾಟ ಬೇರೆ. ನವೆಂಬರ್ ನಡುವಿನಿಂದ ಅರೇಬಿಕಾ, ಆಮೇಲೆ ರೊಬಸ್ಟಾ ಕುಯ್ಲು, ಕಣವೂ ಕೊಡುವುದಿಲ್ಲ ಪಲ್ಪರ್ ಮನೆಯೂ ಕೊಡುವುದಿಲ್ಲ. ಫೆಬ್ರವರಿ–ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಬಿಡುತ್ತಾರೆ, ಪಂಪಿನ ಸದ್ದು ಗುಡ್ಡದಾಚೆಯೂ ಕೇಳುತ್ತದೆ. ಅಕ್ಟೋಬರ್ ನಡುವಿನಿಂದ ಮೂರ್ನಾಲ್ಕು ವಾರ ಇದಕ್ಕೆ ಸರಿ. ಮಂಜನ್ನು ನಂಬಿ ದೃಶ್ಯ ಬರೆಯಬೇಡಿ. ಹತ್ತು ನಿಮಿಷದಲ್ಲಿ ಕವಿದು ಹತ್ತು ನಿಮಿಷದಲ್ಲಿ ಹರಿಯುತ್ತದೆ, ಒಂದು ಶಾಟಿನಲ್ಲಿ ಮಂಜು ಇನ್ನೊಂದರಲ್ಲಿ ಬಿಸಿಲು ಬಂದು ಎಡಿಟರ್ ತಲೆ ಚಚ್ಚಿಕೊಳ್ಳುತ್ತಾನೆ. ಮಂಜು ಬಂದರೆ ಒಂದೇ ಟೇಕಿನಲ್ಲಿ ಮುಗಿಯುವ, ಮಾತಿಲ್ಲದ ಎರಡು ಮೂರು ದೃಶ್ಯ ಜೇಬಿನಲ್ಲಿರಲಿ. ಶೆಟ್ಟಿಹಳ್ಳಿಯ ಮುಳುಗುವ ಚರ್ಚು ಆಸೆ ಹುಟ್ಟಿಸುತ್ತದೆ ನಿಜ, ಆದರೆ ಅದನ್ನು ಎಲ್ಲರೂ ನೋಡಿದ್ದಾರೆ. ಜೊತೆಗೆ ಹೇಮಾವತಿ ಜಲಾಶಯದ ನೀರು ನಿಮ್ಮ ಕಾಲ್‌ಶೀಟ್ ಕೇಳಿ ಇಳಿಯುವುದಿಲ್ಲ.

ಕರೆಯ ದನಿಗೆ ಎಕೋ ಹಾಕಬೇಡಿ. ‘ಲೇ ನಯ್ನಾ, ಬಾರೇ ಇಲ್ಲಿ, ಅಮ್ಮ ಕರೀತಿದೆ’ ಎಂದು ದಿನನಿತ್ಯದ ದನಿಯಲ್ಲಿ, ಸ್ವಲ್ಪ ಅಸಹನೆಯಿಂದಲೇ ಕರೆಯಲಿ. ಬಂಗಲೆಯ ಅಂಗಳದಲ್ಲೇ ಮೈಕಿನಿಂದ ಮೂವತ್ತು ನಲವತ್ತು ಅಡಿ ದೂರ ನಿಲ್ಲಿಸಿ ರೆಕಾರ್ಡ್ ಮಾಡಿದರೆ ಬರುವ ದೂರ ಯಾವ ಪ್ಲಗಿನ್ನಿನಲ್ಲೂ ಬರದು. ಸಂಜೆಯ ಜೀರುಂಡೆ ಸದ್ದು ನಿಂತ ಮೇಲೆ ಮಾಡಿ, ಜನರೇಟರ್ ಆರಿಸಿ.

ಹಳೇ ನಿರ್ಮಾಪಕರು ಬೇರೆಯವರಾಗಿದ್ದರೆ ಮೊದಲ ಚಿತ್ರದ ತುಣುಕು, ಸಂಗೀತ, ಪಾತ್ರ, ಶೀರ್ಷಿಕೆ ಎಲ್ಲಕ್ಕೂ ಲಿಖಿತ ಒಪ್ಪಿಗೆ ಈಗಲೇ ತೆಗೆದುಕೊಳ್ಳಿ. 1987ರ ‘ಈವಿಲ್ ಡೆಡ್ 2’ಕ್ಕೆ ಮೊದಲ ಚಿತ್ರದ ದೃಶ್ಯಗಳ ಹಕ್ಕು ಸಿಗದೆ ಹಿಂದಿನ ಕಥೆಯನ್ನು ಮತ್ತೆ ಚಿತ್ರೀಕರಿಸಿ ಕೆಲವೇ ನಿಮಿಷಗಳಲ್ಲಿ ಮುಗಿಸಬೇಕಾಯಿತು. ಸೆನ್ಸಾರಿನಲ್ಲಿ ಎ ಬಂದರೆ ಟಿವಿ ಹಕ್ಕು ಮಾರುವುದು ಕಷ್ಟ. 2024ರ ನಿಯಮದಲ್ಲಿ ಯುಎ 7, 13, 16 ಎಂದು ಮೂರು ಮಜಲು ಇವೆ, ರಕ್ತ ಕಡಿಮೆ ಇರುವ ನಿಮ್ಮ ಕಥೆ ಯುಎ 16ರೊಳಗೆ ನಿಲ್ಲುವಂತೆ ಬರೆಯಿರಿ. ಮೇಘಾ ನಟಿಯ ಕರಾರಿನಲ್ಲಿ ಶೂಟಿಂಗಿನ ಮೂರು ದಿನದ ಜೊತೆಗೆ ಡಬ್ಬಿಂಗಿಗೆ ಅರ್ಧ ದಿನ ಬೇರೆಯಾಗಿ ಬರೆಸಿ. ಸುಮಂತ್ ಪಾತ್ರಕ್ಕೆ ಮೊದಲ ಭಾಗದಲ್ಲಿ ದನಿ ಕೊಟ್ಟವರು ಯಾರು, ಈಗ ಸಿಗುತ್ತಾರಾ ಎಂಬುದನ್ನು ಸ್ಕ್ರಿಪ್ಟ್ ಮುಗಿಸುವ ಮೊದಲೇ ವಿಚಾರಿಸಿ. ಅವರು ಸಿಗದಿದ್ದರೆ ಕರೆಯುವವನು ಸುಮಂತ್ ಆಗಲಾರ, ಮೊದಲ ಭಾಗದಲ್ಲಿ ಹೋದ ಬೇರೊಬ್ಬರಿಗೆ ನಯನಳನ್ನು ತಂಗಿ ಮಾಡಬೇಕಾಗುತ್ತದೆ.