ಸಂಪಾದಕರ ಉತ್ತರ: ಕೈರೋದ ಕತ್ತಲೆ ಕೋಣೆಯಲ್ಲಿ ಮಂಗಳೂರಿನ ಅಡಿಕೆ

ಪುತ್ತೂರಿನಿಂದ ಪತ್ರ ಬರೆದವರಿಗೆ ನಮಸ್ಕಾರ. ಕೈರೋದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕ ಹಳೇ ಕಾಗದಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಹಾಕಿದ್ದೆವು. ನೀವು ಕೇಳಿದ್ದು ಇಷ್ಟು: "ದೇವರ ಹೆಸರಿದೆ ಅಂತ ಇಟ್ಟುಕೊಂಡ ಕಾಗದಗಳ ನಡುವೆ ನಮ್ಮ ಮಂಗಳೂರಿನ ಅಡಿಕೆ ಲೆಕ್ಕ ಹೇಗೆ ಬಂತು? ಸುಮ್ನೆ ಸೇರಿಸಿದಿರಾ?"

ಇಲ್ಲ ಮಾರಾಯ್ರೇ. ದೇವರ ಹೆಸರು ಬರೆದ ಕಾಗದವನ್ನು ಯಹೂದಿಗಳು ಎಸೆಯುವಂತಿಲ್ಲ, ಹಳತಾದರೆ ಹೂಳಬೇಕು. ಅಲ್ಲಿವರೆಗೆ ತುಂಬಿಡುವ ಜಾಗಕ್ಕೆ ಗೆನಿಜಾ ಅಂತಾರೆ. ನಮ್ಮಲ್ಲೂ ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಗಣಪತಿ ಚಿತ್ರ ಇರುವ ಹಳೇ ಮದುವೆ ಕಾಗದ ಕಸಕ್ಕೆ ಹಾಕಲು ಕೈ ಬರುವುದಿಲ್ಲ, ಅಲ್ವಾ? ಹಳೇ ಕೈರೋದ ಬೆನ್ ಎಜ್ರಾ ಮಂದಿರದವರು ಗೋಡೆಯ ಮೇಲ್ಗಡೆ ಇದ್ದ ಕಿಂಡಿಯಿಂದ ಒಳಗಿನ ಕೋಣೆಗೆ ಕಾಗದ ತುರುಕುತ್ತಾ ಹೋದರು, ಹೂಳುವ ಕೆಲಸ ಮಾತ್ರ ಹಿಂದೆ ಬಿತ್ತು. ವ್ಯಾಪಾರದ ಪತ್ರವೂ ದೇವರ ಹೆಸರಿನಿಂದಲೇ ಶುರುವಾಗುತ್ತಿತ್ತು, ಭಾಷೆ ಅರಬ್ಬಿಯಾದರೂ ಅಕ್ಷರ ಹೀಬ್ರೂ. ಹಾಗಾಗಿ ಸಾಲದ ಚೀಟಿ, ಸಾಮಾನಿನ ಪಟ್ಟಿ, ಮದುವೆ ಕರಾರು ಎಲ್ಲವೂ ಕಿಂಡಿ ಸೇರಿತು. ಈಜಿಪ್ಟಿನ ಒಣ ಹವೆಗೆ ಏನೂ ಕೊಳೆಯಲಿಲ್ಲ. ನಮ್ಮ ಕರಾವಳಿಯ ಮಳೆಯಲ್ಲಾಗಿದ್ದರೆ ಎರಡೇ ವರ್ಷ!

1896ರಲ್ಲಿ ಕೇಂಬ್ರಿಜ್‌ನ ಅವಳಿ ಸೋದರಿಯರು ತಂದು ತೋರಿಸಿದ ಒಂದು ಹಾಳೆ ನೋಡಿ ಅಲ್ಲಿನ ಹೀಬ್ರೂ ವಿದ್ವಾಂಸ ಸೊಲೊಮನ್ ಶೆಕ್ಟರ್ ಕೈರೋಗೆ ಹೊರಟರು. ಕೋಣೆಯ ದೂಳು ಕುಡಿದು 1,90,000ಕ್ಕೂ ಜಾಸ್ತಿ ತುಣುಕು ಕೇಂಬ್ರಿಜ್‌ಗೆ ಸಾಗಿಸಿದರು.

ಅದರಲ್ಲಿ ಸಿಕ್ಕವನೇ ಅಬ್ರಹಾಂ ಬೆನ್ ಯಿಜು. ಈಗಿನ ಟುನೀಶಿಯಾದ ಯಹೂದಿ ವ್ಯಾಪಾರಿ. 12ನೇ ಶತಮಾನದಲ್ಲಿ ಹದಿನೇಳು ವರ್ಷದ ಹತ್ತಿರ ಇಲ್ಲೇ ನಮ್ಮ ಕರಾವಳಿಯಲ್ಲಿದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅಶು ಎಂಬ ಹೆಣ್ಣಾಳನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಆಮೇಲೆ ಅವಳನ್ನೇ ಮದುವೆಯಾದ ಅಂತ ವಿದ್ವಾಂಸರ ಅಂದಾಜು. ಇಲ್ಲಿಂದ ಯೆಮೆನ್‌ನ ಬಂದರು ಏಡನ್‌ಗೆ ಮೆಣಸು, ಏಲಕ್ಕಿ, ಕಬ್ಬಿಣ, ನೀವು ಕೇಳಿದ ಅಡಿಕೆ ಹೋಗುತ್ತಿತ್ತು. ಕಂಚಿನ ಪಾತ್ರೆ ಮಾಡಿಸುವ ಕೆಲಸವೂ ಇತ್ತು: ಏಡನ್‌ನ ಗೆಳೆಯರು ಒಡೆದ ಪಾತ್ರೆ ಹಡಗಿಗೆ ಹಾಕಿ, ಕರಗಿಸಿ ಹೊಸದು ಮಾಡಿಸಿ ಕಳಿಸಪ್ಪಾ ಅನ್ನುತ್ತಿದ್ದರು. ಅಲ್ಲಿಂದ ಸಕ್ಕರೆ, ಬಾದಾಮಿ, ದ್ರಾಕ್ಷಿ ಬರುತ್ತಿತ್ತು, ಜೊತೆಗೆ ಕಾಗದ. ಇಲ್ಲಿ ಕಾಗದ ಸಿಗುತ್ತಿರಲಿಲ್ಲವಲ್ಲ, ಬಂದ ಪತ್ರದ ಹಿಂಬದಿ, ಅಂಚು ಬಿಡದೆ ಅವನು ತನ್ನ ಲೆಕ್ಕ ಗೀಚಿದ. 1149ರಲ್ಲಿ ಏಡನ್‌ಗೆ ಹೊರಟಾಗ ಅದೆಲ್ಲ ಗಂಟು ಕಟ್ಟಿಕೊಂಡು ಹೋದ. ಕೊನೆಗೆ ಕೈರೋದ ಕಿಂಡಿ ಸೇರಿತು.

ನನಗೆ ಇವನಿಗಿಂತ ಇವನ ಆಳು ಇಷ್ಟ. ಏಡನ್‌ಗೆ ಸರಕು ಹಿಡಿದು ಹೋಗಿ ಬರುತ್ತಿದ್ದವನು. ಪತ್ರಗಳಲ್ಲಿ ಅವನ ಹೆಸರು ಬರೀ ಮೂರು ಅಕ್ಷರ: ಬ, ಮ, ಹ. ಹೀಬ್ರೂ ಬರವಣಿಗೆಯಲ್ಲಿ ನಮ್ಮ ಕೊಂಬು, ಏತ್ವದಂಥದ್ದನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಒತ್ತಕ್ಷರವೂ ಕಾಣುವುದಿಲ್ಲ. ವಿದ್ವಾಂಸ ಗೊಯ್ಟೈನ್ 'ಬಾಮಾ' ಅಂತ ಓದಿದ್ದರು. ತುಳು ಜಾನಪದ ಬಲ್ಲ ಪ್ರೊಫೆಸರ್ ವಿವೇಕ ರೈ ಅವರ ಮುಂದೆ ಆ ಹೆಸರು ಬಂದಾಗ 'ಬೊಮ್ಮ' ಇರಬೇಕು ಅಂದರು. ಒಗಟು ಬಿಡಿಸಿಕೊಂಡಿತು! 1148ರಲ್ಲಿ ಏಡನ್‌ನ ಖಲಫ್ ಎಂಬ ವ್ಯಾಪಾರಿ ಮಂಗಳೂರಿಗೆ ಬರೆದ ಪತ್ರದ ಕೊನೆಗೆ, ಯಜಮಾನನಿಗೆ ಹೇಳಿದ ಮೇಲೆ, ಈ ಬೊಮ್ಮನಿಗೂ ಒಂದು ನಮಸ್ಕಾರ ಹೇಳಿದ್ದಾನೆ.